ಕಿಟಕಿಯ ತೆರೆ

ತಲಕಾಡಿನ ಸದ್ಭಕ್ತರೊಬ್ಬರು ಹೊಸದಾಗಿ ಮನೆ ಕಟ್ಟಿಸಿ ವೈಶಾಖದಲ್ಲಿ ಗುರುಪ್ರವೇಶ ಮಾಡಿದರು. ಆ ಸಮಯಕ್ಕೆ ನಮಗೆ ಹೋಗಲಾಗಲಿಲ್ಲ. ಆಷಾಢದಲ್ಲಿ ಮುಡುಕುತೊರೆಯ ಬೆಟ್ಟ ಹತ್ತಿ ಮಲ್ಲಿಕಾರ್ಜುನನ ದರ್ಶನ ಮುಗಿಸಿಕೊಂಡು ಹಿಂದಿರುಗುವಾಗ ಅವರ ಮನೆಗೆ ಹೋದೆವು. ಹೊರಗೆ ಹಗಲು ಹನ್ನೊಂದು ಗಂಟೆ. ಒಳಗೆ ವಿದ್ಯುದ್ದೀಪ ಉರಿಯುತ್ತಿತ್ತು. ಏಳು ಕಿಟಕಿಗಳ ಮನೆ. ಏಳಕ್ಕೂ ಒಂದೇ ಬಣ್ಣದ, ಒಂದೇ ದಪ್ಪದ, ನೆಲ ಮುಟ್ಟುವ ಮಖಮಲ್ಲಿನ ಪರದೆ. ಏಳನ್ನೂ ಒಟ್ಟಿಗೆ ಕೊಂಡರೆ ಬೆಲೆಯಲ್ಲಿ ಸೋಡಿ ಕೊಡುವುದಾಗಿ ಅಂಗಡಿಯವರು ಹೇಳಿದ್ದರಂತೆ.

ಪಡುವಣ ಕೋಣೆಯಿಂದ ಕೆಮ್ಮಿನ ಸದ್ದು ಬರುತ್ತಿತ್ತು. ಮನೆಯ ಹಿರಿಯ ತಾಯಿ ಅಲ್ಲಿ ಮಲಗಿದ್ದರು. ನಮ್ಮನ್ನು ಕಂಡು ಎದ್ದು ಕುಳಿತು, ಶರಣು ಮಾಡಿ, ಮೊದಲು ಆಡಿದ ಮಾತೇ ಇದು: “ಉಸ್ರು ಕಟ್ತದೆ ಅಯ್ನೋರೆ. ವಸಿ ತೆಗಿ ಅಂದ್ರೆ ಮಣ್ಣು ಅಂತಾಳೆ.” ಬಾಗಿಲಲ್ಲಿ ನಿಂತಿದ್ದ ಸೊಸೆ ತಲೆ ತಗ್ಗಿಸಿ, “ತೆಗೆದರೆ ಮರಳು ಬಂದು ಅತ್ತೆಯವರ ತಟ್ಟೆಯಲ್ಲೇ ಕೂರುತ್ತದೆ, ಬುದ್ಧಿ. ದಿನಕ್ಕೆ ಮೂರು ಸಲ ಗುಡಿಸುತ್ತೇನೆ” ಎಂದಳು. ಆಕೆಗೆ ಆಗ ಏಳು ತಿಂಗಳು. ತಾಯಿಯಿಲ್ಲದ ಮಗಳು, ಬಾಣಂತನವೂ ಅತ್ತೆಯ ಕೈಯಲ್ಲೇ ಆಗಬೇಕಾದುದು. ಇಬ್ಬರ ಮಾತೂ ಸತ್ಯವಾಗಿತ್ತು. ಆದುದರಿಂದಲೇ ಆ ಮನೆಯಲ್ಲಿ ಎರಡು ತಿಂಗಳಿಂದ ನೆಮ್ಮದಿಯಿರಲಿಲ್ಲ.

ಆಗಮ, ಪುರಾಣಗಳನ್ನು ಬಿಟ್ಟು ಪರದೆಯ ವಿಚಾರ ಬರೆಯಹೊರಟಿರಲ್ಲ ಎಂದು ಓದುಗ ಬಂಧುಗಳು ನಗಬಹುದು. ಮನೆಯೇ ಮಹಾಮನೆಯೆಂದು ನಂಬಿದ ಪರಂಪರೆಗೆ ಮನೆಯ ಕಿಟಕಿ ಹೊರಗಿನದಲ್ಲ. ಅಂದು ರಾತ್ರಿ ಅಲ್ಲಿಯೇ ಉಳಿದು, ಮರುದಿನ ಅತ್ತೆ ಸೊಸೆಯರಿಬ್ಬರನ್ನೂ ಕರೆದುಕೊಂಡು ಒಂದೊಂದು ಕಿಟಕಿಯ ಮುಂದೆ ನಿಂತು ನೋಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಊರಿನ ಗಾಳಿಯನ್ನು ಅರಿಯಬೇಕು. ತಲಕಾಡಿನ ಹಳೆಯ ಊರು ಮರಳಿನಡಿ ಹೋದುದಕ್ಕೆ ಅಲಮೇಲಮ್ಮನ ಶಾಪವೇ ಕಾರಣವೆಂಬ ನಂಬಿಕೆ ಮನೆಮನೆಯಲ್ಲೂ ಇದೆ. ವಿದ್ವಾಂಸರು ಬೇರೊಂದು ಕಾರಣವನ್ನೂ ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಅಣೆಕಟ್ಟು ಆದ ಮೇಲೆ ಹೊಳೆಯ ಹರಿವು ಬದಲಾಗಿ, ತಿರುವಿನಲ್ಲಿ ಮರಳು ಬಯಲಿಗೆ ಬಿದ್ದಿತು. ಪ್ರತಿವರ್ಷ ಮುಂಗಾರಿನ ಪಡುವಣ ಗಾಳಿ ಅದನ್ನೆತ್ತಿ ಊರ ಮೇಲೆ ಸುರಿಯಿತು ಎಂಬುದು ಅವರ ವಿವರಣೆ. ಪಾತಾಳೇಶ್ವರ, ಮರುಳೇಶ್ವರರ ದರ್ಶನಕ್ಕೆ ಇಂದಿಗೂ ಮರಳಿನ ನಡುವೆ ಕೆಳಗಿಳಿದೇ ಹೋಗಬೇಕು. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನಕ್ಕೆ ಹೋದವರಿಗೆ ಅದರ ನೆನಪಿರುತ್ತದೆ. ದಿಬ್ಬಗಳ ಮೇಲೆ ಸರ್ವೆ, ನೀಲಗಿರಿ ಮರಗಳನ್ನು ಬೆಳೆಸಿ ಮರಳನ್ನು ಹಿಡಿದಿಟ್ಟಿದ್ದಾರಾದರೂ ಆಷಾಢದಲ್ಲಿ ನವುರಾದ ಧೂಳು ಏಳುವುದು ನಿಂತಿಲ್ಲ. ಆ ಮರಗಳ ಸಾಲೂ ಒಂದು ತೆರೆಯೇ, ಇಡೀ ಊರಿಗೆ ಕಟ್ಟಿದ ತೆರೆ. ಅದು ಗಾಳಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲ, ಅದರ ವೇಗವನ್ನು ಮುರಿಯುತ್ತದೆ. ವೇಗ ಮುರಿದ ಗಾಳಿ ಹೊತ್ತ ಮರಳನ್ನು ಅಲ್ಲಿಯೇ ಇಳಿಸುತ್ತದೆ. ಕಿಟಕಿಗೂ ಬೇಕಾದುದು ಇಂಥ ತೆರೆ.

ನಮ್ಮ ಹಿರಿಯರ ಭಾಷೆಯನ್ನು ನೋಡಿರಿ. ಸಂಸ್ಕೃತದಲ್ಲಿ ಕಿಟಕಿಗೆ ‘ವಾತಾಯನ’ ಎಂದು ಹೆಸರು, ಗಾಳಿಯ ಹಾದಿ. ‘ಗವಾಕ್ಷ’ವೆಂದರೆ ಗೋವಿನ ಕಣ್ಣು. ನಮ್ಮ ಅಚ್ಚಗನ್ನಡದಲ್ಲಿ ‘ಬೆಳಕಿಂಡಿ’. ಆಂಗ್ಲರ ‘ವಿಂಡೋ’ ಕೂಡ ಅವರ ಉತ್ತರದ ನೆರೆಯವರ ಹಳೆಯ ಭಾಷೆಯಿಂದ ಬಂದುದು. ಅದರ ಅರ್ಥ ಗಾಳಿಯ ಕಣ್ಣು. ಗಾಳಿ, ಬೆಳಕು, ನೋಟ ಎಂಬ ಮೂರು ಕೆಲಸಗಳನ್ನು ಒಂದೇ ಕಂಡಿಗೆ ಒಪ್ಪಿಸಿದ್ದಾರೆ. ಒಂದು ಕಿಟಕಿಗೆ ಈ ಮೂರರಲ್ಲಿ ಯಾವುದು ಮುಖ್ಯವೆಂದು ತಿಳಿಯದೆ ಬಟ್ಟೆ ಕೊಂಡರೆ ಅದು ಕಿಟಕಿಗೆ ತೆರೆಯಾಗುವುದಿಲ್ಲ, ಗೋಡೆಗೆ ಶೃಂಗಾರವಾಗುತ್ತದೆ. ಶೃಂಗಾರ ಬೇಡವೆಂದು ನಾವು ಹೇಳುತ್ತಿಲ್ಲ.

ಕಟ್ಟಿದ ಮೇಲೆ ತೆರೆಯ ಚಿಂತೆ ಬರುವುದು ಈ ಕಾಲದ ದೋಷವೂ ಅಲ್ಲ. ತಲಕಾಡನ್ನು ಗೆದ್ದ ವಿಷ್ಣುವರ್ಧನ ಇಲ್ಲಿ ಕೀರ್ತಿನಾರಾಯಣನನ್ನೂ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನೂ ಪ್ರತಿಷ್ಠಿಸಿದನಷ್ಟೆ. ಬೇಲೂರಿನ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಕಂಬಗಳ ನಡುವೆ ಇಂದು ಕಾಣುವ ಕಲ್ಲಿನ ಜಾಲಂಧ್ರಗಳು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದವು ಎಂದು ವಿದ್ವಾಂಸರ ಮತ. ಅಷ್ಟು ದೊಡ್ಡ ರೂವಾರಿಗಳ ಕೃತಿಗೂ ಬಿಸಿಲು ಮಳೆಗಳ ಅನುಭವವಾದ ಬಳಿಕ ತೆರೆ ಬೇಕಾಯಿತು. ಅವರು ಮಾಡಿದುದೇನು? ಮುಚ್ಚಲಿಲ್ಲ, ತೂತಿಟ್ಟು ಮರೆಮಾಡಿದರು.

ಇನ್ನು ಆ ತಾಯಿಯ ಪಡುವಣ ಕೋಣೆ. ಐದಡಿ ಅಗಲದ ಗಾಜಿನ ಕಿಟಕಿ, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಪಕ್ಕಕ್ಕೆ ಸರಿಯುವಂಥದು. ಬೇಸಗೆಯ ಸಂಜೆಬಿಸಿಲು ಎದುರಿನಿಂದ ಬೀಳುವುದು ಇಲ್ಲಿಯೇ, ಆಷಾಢದ ಗಾಳಿ ಬಡಿಯುವುದೂ ಇಲ್ಲಿಯೇ. ಮಖಮಲ್ಲನ್ನು ಕೈಯಿಂದ ತಟ್ಟಿದೆವು; ಕಿಟಕಿಯಿಂದ ಬಂದ ಬೆಳಕಿನಲ್ಲಿ ಧೂಳಿನ ಮೋಡವೇ ಎದ್ದಿತು. ಆ ತಾಯಿ ಕೆಮ್ಮತೊಡಗಿದರು. ಸೊಸೆಯ ಮುಖ ಸಣ್ಣದಾಯಿತು. ಧೂಳನ್ನು ತಡೆಯಲೆಂದು ಹಾಕಿದ ಪರದೆಯೇ ಎರಡು ತಿಂಗಳ ಧೂಳನ್ನು ಹಿಡಿದಿಟ್ಟುಕೊಂಡು, ಫ್ಯಾನಿನ ಗಾಳಿಗೆ ಸ್ವಲ್ಪ ಸ್ವಲ್ಪವಾಗಿ ಅವರ ಉಸಿರಿಗೆ ಉಣಬಡಿಸುತ್ತಿತ್ತು. ರೋಮವುಳ್ಳ ಬಟ್ಟೆ, ದಪ್ಪ ನೆರಿಗೆ, ನೆಲದ ಮೇಲೆ ಹರಡುವ ಅಂಚು, ಇವು ಮೂರೂ ಮರಳೂರಿಗೆ ಸಲ್ಲವು. ಕೆಮ್ಮು, ಉಬ್ಬಸ ಇರುವವರ ಕೋಣೆಗಂತೂ ಯಾವ ಊರಿನಲ್ಲಿಯೂ ಸಲ್ಲವು. ವೈದ್ಯರಿಗೆ ತೋರಿಸುವುದನ್ನು ಇದರಿಂದ ತಪ್ಪಿಸಬಾರದು ಎಂದೂ ಮಗನಿಗೆ ಹೇಳಿದೆವು. ಆತ ಅದೇ ವಾರ ಕರೆದೊಯ್ದ.

ಈ ಕಿಟಕಿಗೆ ನಾವು ಹೇಳಿದ್ದು ಹೀಗೆ. ನುಣುಪಾದ, ಒತ್ತಾಗಿ ನೇಯ್ದ ತಿಳಿಬಣ್ಣದ ಹತ್ತಿಬಟ್ಟೆ. ಅಂಚು ನೆಲದಿಂದ ಎರಡಂಗುಲ ಮೇಲೆ ನಿಲ್ಲಬೇಕು. ಹದಿನೈದು ದಿನಕ್ಕೊಮ್ಮೆ ಒಬ್ಬಳೇ ಹೆಣ್ಣುಮಗಳು ಬಿಚ್ಚಿ, ಒಗೆದು, ಮತ್ತೆ ಏರಿಸುವಷ್ಟು ಹಗುರವಾಗಿರಬೇಕು. ಗಾಜಿನ ಬಾಗಿಲು ಸರಿಯುವ ಹಳಿಯಲ್ಲಿ ಮರಳು ಕೂತರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಹಳೆಯ ಕುಂಚದಿಂದ ಕೆರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಎಣ್ಣೆ ಹಾಕಬಾರದು. ಎಣ್ಣೆ ಮರಳನ್ನು ಕರೆದು ಕೂರಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬಟ್ಟೆಯದಲ್ಲ. ಗಾಳಿ ಬೀಸುವ ಹೊತ್ತಿನಲ್ಲಿ ಪಡುವಣ ಗಾಜನ್ನು ಮುಚ್ಚಿ, ಅದೇ ಕೋಣೆಯ ಬಡಗಣ ಕಿಟಕಿಯನ್ನೂ ಎದುರಿನ ಮೂಡಣ ಬಾಗಿಲನ್ನೂ ತೆರೆಯಿರಿ ಎಂದೆವು. ಮರಳು ಬರುವ ದಿಕ್ಕಿನಿಂದಲೇ ಗಾಳಿಯೂ ಬರಬೇಕೆಂಬ ನಿಯಮವಿಲ್ಲ. ಬೆಳಗಿನ ಹೊತ್ತು ಗಾಳಿ ತಗ್ಗಿರುವಾಗ ಪಡುವಣದ್ದನ್ನೂ ತೆರೆಯಬಹುದು. ಅತ್ತೆ ಸೊಸೆ ಪರಸ್ಪರ ಮುಖ ನೋಡಿಕೊಂಡರು. ಎರಡು ತಿಂಗಳಿಂದ ಇಬ್ಬರೂ ಒಂದೇ ಕಿಟಕಿಯ ಬಗ್ಗೆ ವಾದಿಸುತ್ತಿದ್ದರು. ಬಡಗಣ ಕಿಟಕಿಯ ಮುಂದೆ ಬೀರು ನಿಂತಿದ್ದುದರಿಂದ ಅದು ಇಬ್ಬರ ನೆನಪಿಗೂ ಬಂದಿರಲಿಲ್ಲ.

ಬೇಸಗೆಯ ಬಿಸಿಲಿಗೆ ಒಳಗಿನ ಪರದೆಯಿಂದ ಅರ್ಧ ಪ್ರಯೋಜನವಷ್ಟೇ. ಗಾಜನ್ನು ದಾಟಿ ಒಳಬಂದ ಬಿಸಿಲು ಪರದೆಯನ್ನು ಕಾಯಿಸಿ ಕೋಣೆಯಲ್ಲಿಯೇ ಉಳಿಯುತ್ತದೆ. ಬಿಸಿಲನ್ನು ಗಾಜಿನ ಹೊರಗೆ ತಡೆಯಬೇಕು. ಅದಕ್ಕೆ ಬಿದಿರಿನ ತಡಿಕೆಯಂಥ ತೆರೆ ಮೇಲು. ಕಟ್ಟಿದ ಹುರಿಯನ್ನು ಬಿಚ್ಚಿದರೆ ಇಳಿಯುತ್ತದೆ, ಸುತ್ತಿದರೆ ಏರುತ್ತದೆ. ಮೇದರ ಕೇತಯ್ಯನವರ ಕಾಯಕ ಅದು. ಬಿದಿರು ಸೀಳಿ ದಾಸೋಹ ನಡೆಸಿದ ಶರಣರ ನೆನಪಿಗಾದರೂ ಪ್ಲಾಸ್ಟಿಕ್ಕಿನದನ್ನು ಬಿಟ್ಟು ಮೇದರ ಕೈಯ ತೆರೆಯನ್ನೇ ಕೊಳ್ಳಿರಿ ಎಂದು ಉತ್ಸಾಹದಿಂದ ಹೇಳಿದೆವು. ಮಗ ಆ ವಾರವೇ ತಂದು ಪಡುವಣ ಕಿಟಕಿಯ ಹೊರಗೆ ತೂಗುಹಾಕಿದ. ನಾಲ್ಕನೆಯ ದಿನ ಆಷಾಢದ ಗಾಳಿ ಅದನ್ನು ಗೋಡೆಗೆ ಬಡಿದೂ ಬಡಿದೂ ಮೂರು ತುಂಡು ಮಾಡಿತು. ದೋಷ ಬಿದಿರಿನದಲ್ಲ, ನಮ್ಮದು. ಚೈತ್ರ ವೈಶಾಖಗಳ ವಸ್ತುವನ್ನು ಆಷಾಢದಲ್ಲಿ ಕಟ್ಟಿಸಿದೆವು. ಕೆಳಗಿನ ಎರಡು ಮೂಲೆಗಳನ್ನು ಕೊಂಡಿಗೆ ಬಿಗಿಯಬೇಕೆಂದೂ ಹೇಳಲಿಲ್ಲ. ಶಿವರಾತ್ರಿ ಕಳೆದ ಮೇಲೆ ಇಳಿಬಿಟ್ಟು, ಮಿಥುನ ಸಂಕ್ರಮಣದ ಹೊತ್ತಿಗೆ ಸುತ್ತಿ ಅಟ್ಟಕ್ಕೇರಿಸಿದರೆ ಅದು ಹಲವು ವರ್ಷ ಬಾಳುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸುವ ಪದ್ಧತಿಯೂ ಒಣಬೇಸಗೆಯದೇ. ಮಳೆಗಾಲದ ತೇವದಲ್ಲಿ ಅದರಿಂದ ಬೂಷ್ಟು ಮಾತ್ರ ಲಾಭ.

ತೆಂಕಣ ಕಿಟಕಿಗೆ ಹೆಚ್ಚು ಚಿಂತೆ ಬೇಕಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮ್ಮ ಸೀಮೆಯಲ್ಲಿ ನೆತ್ತಿಗಿಂತ ತುಸು ಬಡಗಣಕ್ಕೇ ಇರುತ್ತಾನೆ. ಮಾರ್ಗಶಿರ, ಪುಷ್ಯಗಳಲ್ಲಿ ತೆಂಕಣಕ್ಕೆ ವಾಲಿ ಒಳಬರುವ ಬಿಸಿಲು ಹಿತವಾದುದೇ. ಎರಡಡಿ ಚಜ್ಜ, ಒಂದು ತೆಳು ಪರದೆ ಸಾಕು.

ಪಡಸಾಲೆಯ ಕಿಟಕಿ ಬೀದಿಗೆ ಮುಖಮಾಡಿದೆ. ಹೋಗಿಬರುವವರ ಕಣ್ಣು ಒಳಗೆ ಬೀಳುತ್ತದೆಂದು ಸೊಸೆಗೆ ಸಂಕೋಚ. ಹೋಗಿಬರುವವರನ್ನು ಕಾಣದಿದ್ದರೆ ಅತ್ತೆಗೆ ಹೊತ್ತು ಹೋಗದು. ಪಕ್ಕದ ತೊಟ್ಟಿಮನೆಯನ್ನು ತೋರಿಸಿದೆವು. ಅಲ್ಲಿ ಮರದ ಸರಳಿನ ಕಿಟಕಿ, ಮೇಲೊಂದು ಜೊತೆ ಕೆಳಗೊಂದು ಜೊತೆ ಬಾಗಿಲು. ಹಗಲೆಲ್ಲ ಕೆಳಗಿನದು ಮುಚ್ಚಿರುತ್ತದೆ, ಮೇಲಿನದು ತೆರೆದಿರುತ್ತದೆ. ಒಳಗೆ ಕುಳಿತವರು ಬೀದಿಗೆ ಕಾಣರು, ಬೆಳಕು ಮಾತ್ರ ತೊಟ್ಟಿಯವರೆಗೆ ಬರುತ್ತದೆ. ಹೊಸ ಮನೆಗೂ ಅದನ್ನೇ ಬಟ್ಟೆಯಲ್ಲಿ ಮಾಡಬಹುದು. ಕಿಟಕಿಯ ನಡುವಿಗೆ ಒಂದು ಸಣ್ಣ ಸರಳು ಕಟ್ಟಿ ಅದಕ್ಕೆ ಅರೆಪರದೆ. ಅತ್ತೆಯ ಕುರ್ಚಿಯ ಬಳಿ ಅದನ್ನು ಒಂದು ಗೇಣು ಸರಿಸಿಕೊಳ್ಳುವ ಸ್ವಾತಂತ್ರ್ಯವೂ ಇರಲಿ ಎಂದೆವು. ಮಖಮಲ್ಲಿನ ಎರಡು ಪರದೆಗಳನ್ನು ಬೇಕಾದರೆ ಇಲ್ಲಿಯೇ ಎರಡು ಬದಿಗೆ ಗಂಟುಹಾಕಿ ಇರಿಸಿಕೊಳ್ಳಲಿ; ಹಣ ಕೊಟ್ಟವರ ಮನಸ್ಸನ್ನೂ ನೋಯಿಸಬಾರದು.

ಅಡುಗೆಮನೆಯ ಕಿಟಕಿಗೆ, ಅದರಲ್ಲೂ ಒಲೆಯ ಹಿಂದಿನ ಕಿಟಕಿಗೆ, ಬಟ್ಟೆಯೇ ಬೇಡ. ಸೊಳ್ಳೆಯ ಜಾಲರಿ ಸಾಕು. ಗಾಳಿಗೆ ಹಾರಿದ ಪರದೆಯ ಅಂಚು ಗ್ಯಾಸಿನ ಉರಿಗೆ ತಾಗುವುದಕ್ಕೆ ಕ್ಷಣ ಸಾಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆಯಾದರೆ ಕರಗಿ ಮೈಗೆ ಅಂಟುತ್ತದೆ. ಬಚ್ಚಲಿನ ಮತ್ತು ಮೆಟ್ಟಿಲಿನ ಎತ್ತರದ ಗಾಳಿಗಂಡಿಗಳಿಗೆ ಮಂಜುಗಾಜು ಸಾಕು.

ಪೂಜೆಯ ಕೋಣೆಯಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ನಾವು ಮಠದಲ್ಲಿ ಓದುತ್ತಿದ್ದಾಗ ಪೂಜಾಮಂದಿರದಲ್ಲಿ ಒಂದೇ ಕಿಟಕಿಯಿತ್ತು. ಬೆಳಕು ಚೆನ್ನಾಗಿದೆಯೆಂದು ನಾವು ಹುಡುಗರು ಅದಕ್ಕೆ ಎದುರಾಗಿ ಕೂರಲು ಪೈಪೋಟಿ ನಡೆಸುತ್ತಿದ್ದೆವು. ಹಿರಿಯರೊಬ್ಬರು ನಮ್ಮನ್ನು ಎಬ್ಬಿಸಿ ಗೋಡೆಯ ಪಕ್ಕ ಕೂರಿಸಿ, ಕಿಟಕಿಯ ಕೆಳಗಿನ ಭಾಗಕ್ಕೆ ಒಗೆದ ಬಿಳಿಯ ಪಂಚೆಯನ್ನು ಇಳಿಬಿಟ್ಟರು. ಕಾರಣ ಹೇಳಲಿಲ್ಲ. ಮಾಡಿ ನೋಡಿದ ಮೇಲೆ ನಮಗೇ ತಿಳಿಯಿತು. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿ ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವಾಗ ಎದುರಿಗೆ ತೆರೆದ ಕಿಟಕಿಯಿದ್ದರೆ ಕಣ್ಣು ಕೋರೈಸಿ ಲಿಂಗ ಬರಿಯ ಕಪ್ಪಾಗಿ ಕಾಣುತ್ತದೆ. ರೆಪ್ಪೆ ತಾನಾಗಿ ಬಡಿಯುತ್ತದೆ. ಬೆನ್ನ ಹಿಂದೆ ಕಿಟಕಿಯಿದ್ದರೆ ನಮ್ಮ ನೆರಳೇ ಅಂಗೈಯ ಮೇಲೆ ಬೀಳುತ್ತದೆ. ಬೆಳಕು ಪಕ್ಕದಿಂದ, ಸೋಸಿ ಬರಬೇಕು. ಆಗ ಲಿಂಗದ ನುಣುಪಾದ ಕಪ್ಪು ಹೊರಕವಚದ ಮೇಲೆ ಒಂದು ಸಣ್ಣ ಬೆಳಕಿನ ಬಿಂದು ಅಲುಗದೆ ನಿಲ್ಲುತ್ತದೆ, ದೃಷ್ಟಿಯೂ ಅಲ್ಲಿ ನಿಲ್ಲುತ್ತದೆ. ಜ್ಯೋತಿಯೂ ಗಾಳಿಗೆ ಹೊಯ್ದಾಡುವುದಿಲ್ಲ.

ಈ ಮನೆಯವರು ಮೂಡಣ ಕಿಟಕಿಗೆ ಎದುರಾಗಿ ಪೂಜೆಗೆ ಕೂರುತ್ತಿದ್ದರು. ಬಿಸಿಲಿಗೆ ಅಂಜಿ ಮಖಮಲ್ಲನ್ನು ಎಳೆದು, ಕತ್ತಲಾಯಿತೆಂದು ಟ್ಯೂಬ್‌ಲೈಟ್ ಹಾಕುತ್ತಿದ್ದರು. ಮುಖ ಮೂಡಣಕ್ಕೇ ಇರಲಿ, ಆಸನವನ್ನು ಎರಡು ಮೊಳ ಬಲಕ್ಕೆ ಸರಿಸಿ ಗೋಡೆಯ ಮುಂದೆ ಕುಳಿತುಕೊಳ್ಳಿರಿ ಎಂದೆವು. ಕಿಟಕಿಯ ಕೆಳಗಿನ ಮುಕ್ಕಾಲಿಗೆ ತೆಳುವಾದ ಬಿಳಿಯ ಖಾದಿ, ಮೇಲಿನ ಕಾಲು ಭಾಗ ಬಯಲು. ಖಾದಿಯನ್ನು ಹೇಳಿದ್ದಕ್ಕೆ ಕಾರಣವಿದೆ. ಕೈನೂಲಿನ ಎಳೆ ಒಂದು ದಪ್ಪ ಒಂದು ಸಣ್ಣ. ಅದರ ನಡುವೆ ಬಂದ ಬೆಳಕು ಮಿಲ್ ಬಟ್ಟೆಯ ಬೆಳಕಿಗಿಂತ ಮೆತ್ತಗಿರುತ್ತದೆ. ನಮ್ಮ ನೆರೆಯ ನಂಜನಗೂಡು ತಾಲ್ಲೂಕು ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ತಗಡೂರು ರಾಮಚಂದ್ರರಾಯರಂಥವರು ಖಾದಿಯನ್ನು ಬೆಳೆಸಿದ ನೆಲ; 2015ರಲ್ಲಿ ರಂಗಕರ್ಮಿ ಪ್ರಸನ್ನರು ಸರಳ ಬದುಕಿಗಾಗಿ ಸತ್ಯಾಗ್ರಹಕ್ಕೆ ಕುಳಿತ ಬದನವಾಳು ಕೂಡ ಅಲ್ಲಿಯದೇ. ಜೇಡರ ದಾಸಿಮಯ್ಯನವರ ಪರಂಪರೆಯವರಿಗೆ ಕೈಮಗ್ಗದ ಗುಣವನ್ನು ನಾವು ಹೇಳಬೇಕಾಗಿಲ್ಲ. ಒಂದು ಎಚ್ಚರ ಮಾತ್ರ: ಹೊಲಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿರಿ, ಗಜಕ್ಕೆ ಒಂದೆರಡು ಅಂಗುಲ ಕುಗ್ಗುತ್ತದೆ.

ರೇಷ್ಮೆಯ ಪರದೆ ಹೇಗೆ ಎಂದು ಮಗ ಕೇಳಿದ. ರೇಷ್ಮೆನೂಲು ತೆಗೆಯುವ ಕಾರ್ಖಾನೆಯಿರುವ ನರಸೀಪುರ ತಾಲ್ಲೂಕಿನವನಿಗೆ ಆ ಅಭಿಮಾನ ಸಹಜ. ಆದರೆ ಬಿಸಿಲಿಗೆ ರೇಷ್ಮೆಯ ಎಳೆ ಬೇಗನೆ ಶಿಥಿಲವಾಗುತ್ತದೆ. ಅದು ಪೆಟ್ಟಿಗೆಯಲ್ಲಿರಬೇಕಾದ ಬಟ್ಟೆ, ಕಿಟಕಿಯಲ್ಲಲ್ಲ.

ಅಳತೆಯ ವಿಚಾರ. ಪರದೆಯ ಸರಳು ಕಿಟಕಿಗಿಂತ ಎರಡೂ ಬದಿಗೆ ಆರಾರು ಅಂಗುಲ ಉದ್ದವಿರಲಿ. ಸರಿಸಿದ ಬಟ್ಟೆ ಗೋಡೆಯ ಮೇಲೆ ನಿಂತು ಕಿಟಕಿ ಪೂರ್ತಿ ಬಯಲಾಗುತ್ತದೆ. ನಾಲ್ಕಡಿ ಅಗಲದ ಕಿಟಕಿಗೆ ಆರರಿಂದ ಎಂಟು ಅಡಿ ಅಗಲದ ಬಟ್ಟೆ ಬೇಕು; ಅದಕ್ಕಿಂತ ಕಡಿಮೆಯಾದರೆ ನೆರಿಗೆ ಬರದು, ಹೆಚ್ಚಾದರೆ ಧೂಳಿಗೆ ಮನೆ. ಹುರಿ ಎಳೆದು ಏರಿಸಿ ಇಳಿಸುವ ಪಟ್ಟಿಗಳನ್ನು ಮಕ್ಕಳಿರುವ ಮನೆಗೆ ತರಬೇಡಿರಿ. ಇಳಿಬಿದ್ದ ಹುರಿ ಕೂಸುಗಳ ಕೊರಳಿಗೆ ಸುತ್ತಿ ಪ್ರಾಣಹಾನಿಯಾದುದರಿಂದಲೇ ಅಮೆರಿಕದಲ್ಲಿ 2018ರ ಕೊನೆಯಿಂದ ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಪಟ್ಟಿಗಳಿಗೆ ಕೈಗೆ ಸಿಗುವ ಹುರಿ ಇರಬಾರದೆಂದು ನಿಯಮ ಮಾಡಿದರು. ತೊಟ್ಟಿಲನ್ನು ಯಾವ ಪರದೆಯ ಪಕ್ಕವೂ ಇಡಬಾರದು.

ತೊಟ್ಟಿಲಿನ ಮಾತು ಬಂದಾಗ ಅತ್ತೆ, ಬಾಣಂತಿಯ ಕೋಣೆ ಇದೇ ಎಂದು ಮೂಡಣದ ಸಣ್ಣ ಕೋಣೆಯನ್ನು ತೋರಿಸಿದರು. “ಇದ್ಕೆ ಕಂಬ್ಳಿ ಜಡಿದ್ಬುಟ್ಟು, ಕೆಂಡದ್ ಅಗ್ಗಿಷ್ಟಿಕೆ ಮಡಗ್ತೀನಿ. ಶೀತ ಆಗಬಾರ್ದು.” ತಮ್ಮ ಬಾಣಂತನವೂ ಹಾಗೆಯೇ ನಡೆದಿತ್ತಂತೆ.

ಇಲ್ಲಿ ನಾವು ತುಸು ಗಟ್ಟಿಯಾಗಿಯೇ ಮಾತನಾಡಿದೆವು. ಹಳೆಯ ಮನೆಯಲ್ಲಿ ನಾಡಹೆಂಚಿನ ಸಂದಿನಿಂದ ಹೊಗೆ ಹೋಗುತ್ತಿತ್ತು, ಗಾಳಿ ಬರುತ್ತಿತ್ತು. ಇದು ಕಾಂಕ್ರೀಟಿನ ಚಾವಣಿ, ಗಾಜಿನ ಕಿಟಕಿ. ಕಂಬಳಿ ಜಡಿದರೆ ಡಬ್ಬಿಯಾಗುತ್ತದೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ ತಾಯಿ ಮಗು ಎಚ್ಚರವಾಗದೆಯೇ ಹೋಗಬಹುದು. ಧೂಪದ ಹೊಗೆಯೂ ಎಳೆಯ ಉಸಿರಿಗೆ ಹಿತವಲ್ಲ. ಇನ್ನೊಂದು ಕಾರಣವೂ ಇದೆ. ಹುಟ್ಟಿದ ಮೊದಲ ವಾರದಲ್ಲಿ ಹಲವು ಮಕ್ಕಳಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಮೈ ಹಳದಿಯಾದುದು ಹಗಲ ಬೆಳಕಿನಲ್ಲಿ ಕಾಣುತ್ತದೆ. ಕತ್ತಲ ಕೋಣೆಯಲ್ಲಿ, ಹಳದಿ ಬಲ್ಬಿನ ಕೆಳಗೆ ಕಾಣುವುದಿಲ್ಲ. ಬೆಚ್ಚಗಿಡುವುದಕ್ಕೆ ಮಗುವಿಗೆ ಟೋಪಿ, ಹೊದಿಕೆ, ತಾಯಿಯ ಮೈ ಇವೆ, ಕಿಟಕಿಯನ್ನು ಕೊಲ್ಲಬೇಕಾಗಿಲ್ಲ. ಕಿಟಕಿಯ ಕೆಳಗಿನ ಅರ್ಧಕ್ಕೆ ದಪ್ಪಬಟ್ಟೆ ಕಟ್ಟಿ ಮಂಚಕ್ಕೆ ನೇರವಾಗಿ ಗಾಳಿ ಬಡಿಯದಂತೆ ಮಾಡಿರಿ, ಮೇಲಿನ ಅರ್ಧ ತೆರೆದೇ ಇರಲಿ, ಕೆಂಡ ಮಾತ್ರ ಒಳಗೆ ಬರಕೂಡದು ಎಂದೆವು. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಒಪ್ಪಿದರೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಆಶ್ವೀಜದಲ್ಲಿ ಕೂಸಿನ ಲಿಂಗಧಾರಣೆ, ನಾಮಕರಣಗಳಿಗೆ ಹೋಗಿದ್ದೆವು. ಹೆಣ್ಣುಮಗು. ಕೋಣೆಯಲ್ಲಿ ಅಗ್ಗಿಷ್ಟಿಕೆಯಿರಲಿಲ್ಲ. ಕಿಟಕಿಯ ಕೆಳಗಿನ ಅರ್ಧಕ್ಕೆ ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿತ್ತು. ಮೇಲಿನ ಅರ್ಧದಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಬಿದ್ದಿತ್ತು. ರಾತ್ರಿ ಒಂದೆರಡು ಸಲ ಎದ್ದು ಕಿಟಕಿ ತೆರೆದಿದೆಯೇ ಎಂದು ನೋಡುವವರು ಅತ್ತೆಯವರೇ ಎಂದು ಸೊಸೆ ಹೇಳಿದಳು. ಅವರ ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಔಷಧಿಯಿಂದಲೋ ಬಡಗಣ ಗಾಳಿಯಿಂದಲೋ ಹೇಳಲಾರೆವು.

ಉಳಿದ ಐದು ಕಿಟಕಿಗಳ ಮಖಮಲ್ಲು ಏನಾಯಿತೆಂದು ಕೇಳಿದೆವು. ಮಗ ನಕ್ಕು ಬಾಗಿಲ ಕಡೆ ಕೈ ತೋರಿಸಿದ. ಅತ್ತೆ ಅದನ್ನು ಕತ್ತರಿಸಿ, ಅಂಚು ಹೊಲಿದು, ಮುಂಬಾಗಿಲಿಗೊಂದು ಹಿತ್ತಲ ಬಾಗಿಲಿಗೊಂದು ಕಾಲೊರಸು ಮಾಡಿದ್ದರು. ಮರಳು ಹಿಡಿಯುವುದರಲ್ಲಿ ಅದಕ್ಕೆ ಸಮನಾದುದು ಇನ್ನೊಂದಿಲ್ಲವಂತೆ.